ಚೀಟಿ ಇಲ್ಲದ ಕೋಟು

ಬೆಳಿಗ್ಗೆ ಅಂಗಡಿಯೊಳಗೆ ಕಾಲಿಟ್ಟ ನನಗೆ ಮೊದಲು ಕಂಡದ್ದೇ ಆ ಕೋಟು. ಕಿಟಕಿಯ ಪಕ್ಕದ ಗೂಟಕ್ಕೆ ನೇತುಹಾಕಿದ್ದ ಬೂದು ಬಣ್ಣದ ಉಣ್ಣೆಯ ಕೋಟು. ತುಂಬ ಚೆನ್ನಾಗಿತ್ತು. ಅಷ್ಟು ಚೆನ್ನಾಗಿರಬಾರದಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಹಿಂದಿನ ವಾರ ನಮ್ಮ ಕೈಗೆ ಬಂದಾಗ ಅದರ ತುಂಬ ನುಸಿ ತಿಂದ ಸಣ್ಣ ತೂತುಗಳಿದ್ದವು, ಮಗ್ಗುಲಲ್ಲೆಲ್ಲೋ ಬೆರಳು ಹೋಗುವಷ್ಟು ದೊಡ್ಡದೂ ಒಂದಿತ್ತು. ಈಗ ಒಂದೂ ಇರಲಿಲ್ಲ. ಇರಲೇಬೇಕಾಗಿದ್ದ ಕೆಂಪು ದಾರವೂ ಇರಲಿಲ್ಲ.

ಅಣ್ಣ ಆಗಲೇ ತನ್ನ ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದ. ಎಷ್ಟೋ ದಿನಗಳಿಂದ ಕಾಣದ ಕಳೆಯೊಂದು ಮುಖದ ಮೇಲೆ.

“ಅಣ್ಣಾ, ಏನಿದು?”

“ಕೋಟು.”

“ಕೋಟು ಅಂತ ನನಗೂ ಕಾಣ್ಸುತ್ತೆ. ತೂತೆಲ್ಲ ಎಲ್ಲಿ?”

“ಮುಚ್ಚಿದೀನಿ.”

“ಕೆಂಪು ದಾರದಲ್ಲಿ, ಎದ್ದು ಕಾಣೋ ಹಾಗೆ ಮುಚ್ಚು ಅಂತ ಹೇಳಿದ್ನಲ್ಲ? ಎಲ್ಲದಕ್ಕೂ ಅಂತ ಹೇಳಿದ್ನಲ್ಲ?”

“ಉಳಿದ ಮೂರಕ್ಕೂ ಚೀಟಿ ಇತ್ತು, ಕೆಂಪು ಹಾಕಿದೀನಿ ನೋಡ್ಕೋ. ಇದಕ್ಕೆ ಚೀಟಿ ಇರ್ಲಿಲ್ಲ. ಚೀಟಿ ಇಲ್ಲ ಅಂದ್ರೆ ನಮ್ಮ ಮಾಮೂಲಿ ಕೆಲ್ಸ ಅಂತ ತಾನೆ?”

ಅಲ್ಲೇ ಇದ್ದ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ತಲೆ ಚಚ್ಚುವಷ್ಟು ಸಿಟ್ಟು ಬಂತು. ಅವನದೋ ನನ್ನದೋ ಎಂದು ತೀರ್ಮಾನವಾಗಲಿಲ್ಲ, ಅಷ್ಟೆ. ಆ ಬಟ್ಟೆಗಳನ್ನು ಕೊಟ್ಟುಹೋಗಿದ್ದ ಮೇಡಂ ಬರುವುದಾಗಿ ಹೇಳಿದ್ದು ಅದೇ ದಿನ ಮಧ್ಯಾಹ್ನ.

ನಮ್ಮದು ರಫು ಮಾಡುವ ಅಂಗಡಿ. ತೇಪೆ ಹಾಕುವುದು ಬೇರೆ, ರಫು ಬೇರೆ. ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ಹರಿದ ಜಾಗದಲ್ಲಿ ಅಡ್ಡಕ್ಕೂ ಉದ್ದಕ್ಕೂ ಸೂಜಿಯಿಂದ ಒಂದೊಂದೇ ಎಳೆ ಹಾಯಿಸಿ, ಮೊದಲು ಹೇಗಿತ್ತೋ ಹಾಗೇ ಮತ್ತೆ ನೇಯುವುದು ರಫು. ಮುಗಿದ ಮೇಲೆ ಅಲ್ಲಿ ಹರಿದಿತ್ತೆಂದು ಹರಿದುಕೊಂಡವನಿಗೂ ಗೊತ್ತಾಗಬಾರದು. ಅಪ್ಪ ಅಣ್ಣನಿಗೆ ಕೆಲಸ ಕಲಿಸುವಾಗ ಕತ್ತೆ, ಕೋಣ, ದಂಡಪಿಂಡ ಎಂದೆಲ್ಲ ಬೈಯುತ್ತಿದ್ದರು. ಅದಕ್ಕೆಲ್ಲ ಅಣ್ಣ ಸೊಪ್ಪು ಹಾಕುತ್ತಿರಲಿಲ್ಲ. ಆದರೆ ಬಟ್ಟೆಯನ್ನು ಬೆಳಕಿಗೆ ಹಿಡಿದು ಅಪ್ಪ ಮೆಲ್ಲಗೆ “ಕೈ ಕಾಣ್ತಿದೆ” ಎಂದುಬಿಟ್ಟರೆ ಮುಗಿಯಿತು, ಅವತ್ತು ಊಟ ಬಿಟ್ಟು ಮೂಲೆ ಸೇರುತ್ತಿದ್ದ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ.

ಹಾಗೆ ಕಲಿತವನು ಈಗ ಬೀದಿಯವರ ಬಾಯಲ್ಲಿ ಸೂಜಿಯಣ್ಣ. ಅವನಿಗೆ ಮಾತು ಬಾರದು, ನನಗೆ ಮಾತು ಬಿಟ್ಟರೆ ಬೇರೇನೂ ಬಾರದು. ಹಾಗಾಗಿ ಮುಂದಿನ ಕಟ್ಟೆ ನನ್ನದು, ಕಿಟಕಿ ಅವನದು. ಎಷ್ಟೋ ವರ್ಷ ಹೀಗೇ ನಡೆಯಿತು. ಆಮೇಲೆ ಬಟ್ಟೆಗಳು ಅಗ್ಗವಾದವು. ಎದುರಿನ ಅಂಗಡಿಯಲ್ಲಿ ಅಂಗಿಗಳನ್ನು ತರಕಾರಿಯ ಹಾಗೆ ರಾಶಿ ಸುರಿದು ಮಾರುತ್ತಾರೆ. ಹರಿದರೆ ಜನ ಎಸೆಯುತ್ತಾರೆ, ಹರಿಯದಿದ್ದರೂ ಎಸೆಯುತ್ತಾರೆ. ನಮ್ಮಲ್ಲಿಗೆ ಬರುವವರು ಗುಂಡಿ ಹೊಲಿಸಿಕೊಳ್ಳುವವರು, ಇಲ್ಲವೇ ಬಸ್ ನಿಲ್ದಾಣ ಎಲ್ಲಿ ಎಂದು ಕೇಳುವವರು.

ಕೆಲಸವಿಲ್ಲದೆ ಕೂತ ಅಣ್ಣ ಒಂದು ಮಧ್ಯಾಹ್ನ ತನ್ನ ಅಂಗಿಯ ತೋಳನ್ನು ತಾನೇ ಬ್ಲೇಡಿನಿಂದ ಕುಯ್ದು, ಅದನ್ನೇ ರಫು ಮಾಡುತ್ತಿದ್ದ. ನಾನು ನೋಡಿದ್ದು ಅವನಿಗೆ ಗೊತ್ತಿಲ್ಲ. ಮಾರನೆಯ ದಿನ ಇನ್ನೊಂದು ತೋಳು. ನನಗೆ ಹೆದರಿಕೆಯಾಯಿತು. ಗಟ್ಟಿಮುಟ್ಟಾಗಿರುವ ಮನುಷ್ಯ ಕಣ್ಣೆದುರೇ ಒಳಗಿನಿಂದ ಸವೆಯುತ್ತಿದ್ದಾನೆ ಅನ್ನಿಸಿತು.

ಅತ್ತಿಗೆಗೂ ಹಾಗೇ ಅನ್ನಿಸಿರಬೇಕು. ಅವಳ ತಮ್ಮ ಊರಾಚೆ ಒಂದು ಗೋಡೌನಿನಲ್ಲಿ ಮೇಲ್ವಿಚಾರಕ. ಗೇಟು ಕಾಯುವ ಕೆಲಸ ಖಾಲಿಯಿದೆ, ಭಾವನಿಗೆ ಕೊಡಿಸುತ್ತೇನೆ ಎಂದು ಅವನು ಹೇಳಿ ಕಳಿಸಿದ್ದ. ಅತ್ತಿಗೆ ಕೆಟ್ಟವಳಲ್ಲ. ಗಂಡ ಸುಮ್ಮನೆ ಕಿಟಕಿ ನೋಡುತ್ತ ಕೂರುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಆದರೆ ಅಲ್ಲಿ ಬಂದುಹೋಗುವ ಲಾರಿಗಳಿಗೆ ಸಲಾಮು ಹೊಡೆಯುತ್ತ ನಿಂತ ಅಣ್ಣನನ್ನು ನನ್ನಿಂದ ನೆನೆಸಿಕೊಳ್ಳಲಾಗುತ್ತಿರಲಿಲ್ಲ. ಆ ಬೆರಳುಗಳಿಗೆ ಅಲ್ಲಿ ಏನು ಕೆಲಸ? ಅವು ಬದುಕುವುದಿಲ್ಲ, ಅವು ಬದುಕದಿದ್ದರೆ ಇವನೂ ಬದುಕುವುದಿಲ್ಲ. ಇದನ್ನು ಅತ್ತಿಗೆಗೆ ಹೇಳಿದರೆ, “ನಿನ್ನ ಹತ್ರ ಬೇರೆ ದಾರಿ ಇದ್ರೆ ಹೇಳು” ಅಂದಳು.

ಆಗ ಬಂದವರು ಮೇಡಂ. ಲಾಂಡ್ರಿಯವನು ನಮ್ಮ ಅಂಗಡಿಯ ಗುರುತು ಹೇಳಿದ್ದನಂತೆ. ಹಳೆಯ ಬಟ್ಟೆಗಳನ್ನು ಜನರಿಂದ ವಾಪಸು ತೆಗೆದುಕೊಂಡು, ಸರಿಮಾಡಿಸಿ, ಮತ್ತೆ ಮಾರುವ ಕಂಪನಿ ಅವರದು. ಹೊಸ ಬಟ್ಟೆ ಮಾಡಲು ನದಿಗಟ್ಟಲೆ ನೀರು ಬೇಕು, ಅದನ್ನು ಹೊಲಿಯುವ ಹೆಂಗಸರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ, ಇರುವ ಬಟ್ಟೆಯನ್ನೇ ಬಾಳಿಸಬೇಕು ಎಂದೆಲ್ಲ ಹೇಳಿದರು. ಇದನ್ನೇ ನಮ್ಮಮ್ಮ ಹೇಳಿದ್ದಿದ್ದರೆ ಜಿಪುಣಿ ಅನ್ನುತ್ತಿದ್ದರು. ನಾನು ಅವರಿಗೆ ಮನಸ್ಸಿನಲ್ಲೇ ಹಳೇಬಟ್ಟೆ ಮೇಡಂ ಎಂದು ಹೆಸರಿಟ್ಟೆ. ಆದರೂ ಆಕೆ ಆಡಿದಂತೆ ನಡೆಯುವವರು ಎಂಬುದು ಅವರ ಚಪ್ಪಲಿಯ ಹೊಲಿಗೆ ನೋಡಿದರೇ ಗೊತ್ತಾಗುತ್ತಿತ್ತು.

“ಮಾರೋ ಪ್ರತಿಯೊಂದು ಬಟ್ಟೆಗೂ ಒಂದು ಕಾರ್ಡು ಕಟ್ತೀವಿ. ಎಲ್ಲಿ ಹರಿದಿತ್ತು, ಯಾರು ಸರಿಮಾಡಿದ್ರು ಅಂತ. ಅದರಲ್ಲಿ ಸುಳ್ಳಿರಬಾರ್ದು,” ಅಂದರು. “ಒಬ್ರು ಮಿಷನ್ನಲ್ಲಿ ಹೊಲಿದು ಕೈಯಲ್ಲಿ ಮಾಡಿದ್ದು ಅಂದ್ರು. ಅವತ್ತೇ ಅವರ ಜೊತೆ ವ್ಯವಹಾರ ಬಿಟ್ವಿ.” ಆಮೇಲೆ ಅಣ್ಣನ ಕಡೆ ತಿರುಗಿ, ಒಳ್ಳೆಯ ಮನಸ್ಸಿನಿಂದಲೇ, “ನಾವು ಮುಚ್ಚಿಡೋರಲ್ಲ. ಕೆಂಪು ದಾರದಲ್ಲಿ ಹೊಲೀರಿ. ನಿಮ್ಮ ಕೈ ಕಾಣಬೇಕು” ಅಂದರು.

ಅಣ್ಣನ ಮುಖ ಬಿಳಿಚಿಕೊಂಡಿತು. ಆಕೆಗೆ ಹೇಗೆ ಗೊತ್ತಾಗಬೇಕು? ನಾನು ಮಧ್ಯೆ ಬಾಯಿ ಹಾಕಿ, “ಕಾಣ್ಸೋಣ ಮೇಡಂ, ಎಷ್ಟು ಬೇಕಾದ್ರೂ ಕಾಣ್ಸೋಣ” ಅಂದೆ. ಒಂದು ಅಂಗಿ, ಒಂದು ಮಗುವಿನ ಫ್ರಾಕು, ಒಂದು ಪ್ಯಾಂಟು ಕೊಟ್ಟರು. ಕೆಂಪು ಹೊಲಿಗೆ ಎಲ್ಲಿ ಬೇಕೋ ಅಲ್ಲೆಲ್ಲ ಚೀಟಿ ಚುಚ್ಚಿತ್ತು. ಇವು ಚೆನ್ನಾಗಿ ಬಂದರೆ ವಾರವಾರವೂ ಗಂಟು ಕಳಿಸುತ್ತೇವೆ ಅಂದರು. ಹೊರಗೆ ಹೋಗಿ ಕಾರಿನ ಬಾಗಿಲು ತೆಗೆದವರು ಮತ್ತೆ ವಾಪಸು ಬಂದು ಆ ಕೋಟನ್ನು ಕಟ್ಟೆಯ ಮೇಲಿಟ್ಟರು. “ಇದೂ ಇರ್ಲಿ. ಏನು ಮಾಡ್ತಾರೋ ನೋಡೋಣ.” ಅದರ ಕಡೆ ಸರಿಯಾಗಿ ನೋಡಲೂ ಇಲ್ಲ, ಹೊರಟೇಹೋದರು.

ಆ ಮೂರು ಬಟ್ಟೆಗಳಿಗೆ ಅಣ್ಣ ಪಟ್ಟ ಪಾಡು ನನಗೇ ಗೊತ್ತು. ಕೆಂಪು ದಾರ ಪೋಣಿಸಿ ಕೂತವನು ಸಂಜೆಯವರೆಗೆ ಸೂಜಿ ಚುಚ್ಚಲಿಲ್ಲ. ಚುಚ್ಚಿದರೆ, ಕೈ ತಾನಾಗಿ ದಾರವನ್ನು ಎಳೆಯ ಕೆಳಗೆ ಅಡಗಿಸಿಬಿಡುತ್ತಿತ್ತು, ಬಿಚ್ಚಿ ಮತ್ತೆ ಹೊಲಿಯುತ್ತಿದ್ದ. ಅಂತೂ ಮುಗಿಸಿದ. ಮುಗಿಸಿ, ಕಹಿ ತಿಂದು ಬಾಯಿ ತೊಳೆದುಕೊಳ್ಳುವವನ ಹಾಗೆ ಆ ಕೋಟು ಎತ್ತಿಕೊಂಡಿರಬೇಕು. ಅವನ ಖುಷಿ ನನಗೆ ಅರ್ಥವಾಗುತ್ತಿತ್ತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚು ಬಂತು.

“ಸರಿ. ಆಗಿದ್ದು ಆಗೋಯ್ತು,” ಅಂದೆ. “ಮುಚ್ಚಿದ ಜಾಗ ತೋರ್ಸು. ಅದರ ಮೇಲೇ ಕೆಂಪು ದಾರ ಓಡ್ಸಿಬಿಡೋಣ.”

ಅಣ್ಣ ಕೋಟನ್ನು ಮೇಜಿನ ಮೇಲೆ ಹರಡಿದ. ಅಂಗೈಯಿಂದ ಸವರಿದ. ಎತ್ತಿ ಕಿಟಕಿಗೆ ಹಿಡಿದ. ಭೂತಗನ್ನಡಿ ತಂದು ಕೊರಳಪಟ್ಟಿಯಿಂದ ಅಂಚಿನವರೆಗೆ ಬಗ್ಗಿ ನೋಡಿದ. ನಾನು ಅವನ ಮುಖವನ್ನೇ ನೋಡುತ್ತ ನಿಂತಿದ್ದೆ.

“ಸಿಕ್ತಿಲ್ಲ ಕಣೇ.”

“ಸಿಕ್ತಿಲ್ಲ ಅಂದ್ರೆ? ಮಾಡಿದವನು ನೀನೇ ತಾನೆ? ದೊಡ್ಡ ತೂತು ಎಡಗಡೆಯೋ ಬಲಗಡೆಯೋ, ಅಷ್ಟಾದ್ರೂ ನೆನಪಿದ್ಯಾ?”

“ನಾನು ಒಳಗಿಂದ ಕೆಲ್ಸ ಮಾಡೋದು. ಕೋಟನ್ನ ಎಲ್ಲಿ ನೋಡ್ತೀನಿ? ಎಳೆ ನೋಡ್ತೀನಿ.”

“ಹಾಗಾದ್ರೆ ಒಳಗಡೆಯಿಂದ ನೋಡು!”

ಒಳಬಟ್ಟೆಯ ಹೊಲಿಗೆ ಬಿಚ್ಚಿದೆವು. ಎಳೆಗಳ ತುದಿ ಅಲ್ಲಾದರೂ ಇರಬೇಕಲ್ಲ. ಇರಲಿಲ್ಲ. ತುದಿಗಳನ್ನು ಸಮನಾಗಿ ಕತ್ತರಿಸಿ, ಆವಿ ಕೊಟ್ಟು, ಉಣ್ಣೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಾಗೆ ಉಜ್ಜಿಬಿಟ್ಟಿದ್ದ. ಒಳಗೂ ಹೊರಗೂ ಒಂದೇ ಸಮ ಬೂದು. ಒಂದು ಕಡೆ ಏನೋ ಕಂಡಿತೆಂದು ನಾನು ಕೂಗಿದೆ, ಅದು ಗಿರಣಿಯಿಂದಲೇ ಬಂದ ಗಂಟು ಅಂದ ಅಣ್ಣ.

“ನನ್ನ ಕೈಗೇ ಸಿಕ್ತಿಲ್ಲ ಅಂದ್ರೆ...” ಅಂದು ಸ್ಟೂಲಿನ ಮೇಲೆ ಕೂತ. ಆ ದನಿಯಲ್ಲಿ ಹೆದರಿಕೆ ಎಷ್ಟಿತ್ತೋ ಸಂತೋಷವೂ ಅಷ್ಟೇ ಇತ್ತು. “ಅಪ್ಪ ಇರ್ಬೇಕಿತ್ತು.”

“ಇದ್ದಿದ್ರೆ ಗೋಡೌನಿಗೆ ಇಬ್ರೂ ಜೊತೆಗೇ ಹೋಗ್ಬಹುದಿತ್ತು.”

ಅವನು ನಗಲಿಲ್ಲ. “ನಿಜ ಹೇಳಿಬಿಡೋಣ” ಅಂದ.

“ಏನಂತ? ತೂತು ಕಳೆದುಹೋಗಿದೆ ಮೇಡಂ, ಸಿಕ್ಕಿದ ಕೂಡ್ಲೇ ತಂದುಕೊಡ್ತೀವಿ ಅಂತಾನಾ?”

ಅಷ್ಟರಲ್ಲಿ ಅತ್ತಿಗೆ ಬುತ್ತಿ ತಂದಳು. ಬುತ್ತಿಯ ಜೊತೆ ಸುದ್ದಿಯನ್ನೂ ತಂದಳು. ಅವಳ ತಮ್ಮ ಫೋನು ಮಾಡಿದ್ದನಂತೆ, ಗೇಟಿನ ಕೆಲಸಕ್ಕೆ ಇನ್ನೊಬ್ಬ ಬಂದು ನಿಂತಿದ್ದಾನೆ, ಬರುತ್ತೀರೋ ಇಲ್ಲವೋ ಇವತ್ತೇ ಹೇಳಿ ಅಂದನಂತೆ. “ಸಂಜೆ ಹೇಳ್ತೀನಿ ಅಂದಿದೀನಿ,” ಎಂದು ಅತ್ತಿಗೆ ನೆಲ ನೋಡಿಕೊಂಡು ಹೇಳಿದಳು. ಮೇಜಿನ ಮೇಲಿನ ಕೋಟು ಅವಳ ಕಣ್ಣಿಗೆ ಬಿತ್ತು. “ಯಾರದು ಹೊಸ ಕೋಟು?” ಅಂದಳು. ಅಣ್ಣನ ಮುಖ ಅರಳಿತು. ನನಗೆ ಇಬ್ಬರನ್ನೂ ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡು ಅಳಬೇಕು ಅನ್ನಿಸಿತು.

ಅಳುವುದಕ್ಕೆ ಹೊತ್ತಿರಲಿಲ್ಲ. ಪೆಟ್ಟಿಗೆಯಿಂದ ಕೆಂಪು ದಾರ ತೆಗೆದು ಸೂಜಿಗೆ ಪೋಣಿಸಿದೆ. ಮೊಣಕೈ ಹತ್ತಿರ ಹರಿಯದ ಹಳೇ ಕೋಟು ಯಾವುದಿದೆ? ಯಾರೂ ಅನುಮಾನ ಪಡದ ಜಾಗ ಅದು. ತೋಳನ್ನು ಎಳೆದುಕೊಂಡು ಮೊದಲನೆಯ ಹೊಲಿಗೆ ಹಾಕಿದೆ.

“ಏನು ಮಾಡ್ತಿದೀಯಾ?” ಅಣ್ಣ ಎದ್ದು ನಿಂತ. “ಗಾಯ ಇಲ್ದೇ ಇರೋ ಕಡೆ ಪಟ್ಟಿ ಕಟ್ತೀಯಾ?”

“ಹೌದು. ಇವತ್ತೊಂದಿನ ಕಟ್ತೀನಿ. ನೀನು ಆ ಕಡೆ ತಿರುಗು.”

ಅವನು ನಿಜವಾಗಿಯೂ ತಿರುಗಿದ. ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಅತ್ತಿಗೆ ಬುತ್ತಿ ಬಿಚ್ಚದೆ ಹಾಗೇ ಹಿಡಿದುಕೊಂಡಿದ್ದಳು. ಅವಸರಕ್ಕೆ ಹೊಲಿಗೆ ಸೊಟ್ಟಗೆ ಬೀಳುತ್ತಿತ್ತು. ಸೊಟ್ಟಗಿದ್ದರೆ ಈ ಜನಕ್ಕೆ ಇನ್ನೂ ಇಷ್ಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ದಾರ ಕಚ್ಚಿ ಕತ್ತರಿಸುವ ಹೊತ್ತಿಗೆ ಹೊರಗೆ ಕಾರು ನಿಂತ ಸದ್ದಾಯಿತು. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಕಟ್ಟೆಯ ಹಿಂದೆ ಹೋಗಿ ನಿಂತೆ.

ಮೇಡಂ ಮೊದಲು ಮೂರು ಬಟ್ಟೆಗಳನ್ನು ನೋಡಿದರು. ಅಂಗಿಯ ಹೊಲಿಗೆಯ ಮೇಲೆ ಬೆರಳಾಡಿಸಿ, “ನಾಚಿಕೊಂಡ ಹಾಗಿದೆ” ಎಂದು ನಕ್ಕರು. “ಆದ್ರೂ ಚೆನ್ನಾಗಿದೆ. ಇನ್ನು ಸ್ವಲ್ಪ ಧೈರ್ಯವಾಗಿ ಹಾಕ್ಬಹುದು.” ಅಣ್ಣ ತಲೆಯಾಡಿಸಿದ. ಇಲ್ಲಿಗೇ ಮುಗಿದುಹೋಗಲಿ, ಕೋಟನ್ನು ಮರೆತೇಬಿಡಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

“ಎಲ್ಲಿ ಕೋಟು?” ಅಂದರು.

ಕೊಟ್ಟೆ. ಹರಡಿಕೊಂಡರು. ಎರಡೂ ತೋಳು ತಿರುಗಿಸಿದರು. ಕೆಂಪು ಹೊಲಿಗೆಯ ಹತ್ತಿರ ಅವರ ಕೈ ನಿಂತಿತು.

“ಇಲ್ಲೇನಾಗಿತ್ತು?”

“ಸ್ವಲ್ಪ ಸವೆದಿತ್ತು ಮೇಡಂ.”

“ಇಲ್ಲಿ ಸವೆದಿರ್ಲಿಲ್ಲ,” ಅಂದರು ಆಕೆ. ಜೋರಾಗಿ ಹೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಆ ಮಿಷನ್ ಹೊಲಿಗೆಯವನನ್ನೂ ಹೀಗೇ ನೋಡಿರಬೇಕು. ಜೀವಮಾನದಲ್ಲಿ ಮೊದಲ ಸಲ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

“ಅದು ಸುಳ್ಳು ಹೊಲಿಗೆ,” ಎಂದ ಅಣ್ಣ ಗೋಡೆಯ ಹತ್ತಿರದಿಂದ. “ನನಗೋಸ್ಕರ ನನ್ನ ತಂಗಿ ಹಾಕಿದ್ದು. ಅವಳನ್ನ ಏನೂ ಅನ್ಬೇಡಿ. ಕೋಟಿಗೆ ಚೀಟಿ ಇರ್ಲಿಲ್ಲ. ನಾನು ನಮ್ಮ ಪದ್ಧತಿಯಲ್ಲೇ ಮುಚ್ಚಿಬಿಟ್ಟೆ. ಆಮೇಲೆ ಹುಡುಕಿದ್ವಿ, ನಮಗೇ ಸಿಕ್ಲಿಲ್ಲ.”

ಒಬ್ಬ ಮನುಷ್ಯ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಅತ್ತಿಗೆ ಸೀದಾ ನೆಲದ ಮೇಲೆ ಕೂತಳು.

“ಮುಚ್ಚಿದೀರಾ? ಎಲ್ಲಾನೂ?” ಅಂದರು ಮೇಡಂ.

“ಎಲ್ಲಾನೂ. ನೋಡಿ ಬೇಕಾದ್ರೆ.” ಅಷ್ಟರಲ್ಲೂ ಅವನ ದನಿಯಲ್ಲಿ ಒಂದು ಚೂರು ಜಂಬ ಇಣುಕಿತು. “ನಿಮಗೂ ಸಿಗಲ್ಲ.”

ಆಕೆ ಹುಡುಕತೊಡಗಿದರು. ಮೊದಲು ನಿಧಾನವಾಗಿ ಹುಡುಕಿದರು, ಬರಬರುತ್ತ ಅವಸರ ಹೆಚ್ಚಾಯಿತು. ಎಡಗಡೆ ನೋಡಿದರು, ಬಲಗಡೆ ನೋಡಿದರು, ಜೇಬಿನೊಳಗೆ ಕೈ ಹಾಕಿ ಬಟ್ಟೆಯನ್ನು ಒಳಗಿನಿಂದ ಒತ್ತಿ ನೋಡಿದರು. ನಮ್ಮ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದಾರೆ ಎಂದುಕೊಂಡೆ. ಆದರೆ ಮುಖದಲ್ಲಿ ಸಿಟ್ಟಿರಲಿಲ್ಲ. ಜಾತ್ರೆಯ ಜನರ ನಡುವೆ ಕೈ ತಪ್ಪಿಹೋದ ಮಗುವಿನ ಮುಖ ಹಾಗಿರುತ್ತದೆ. ಐವತ್ತು ದಾಟಿದ ಹೆಂಗಸು ಅವರು.

“ದೊಡ್ಡದೊಂದಿತ್ತಲ್ಲ,” ಅಂದರು. “ಅದೂ ಹೋಯ್ತಾ? ಅದನ್ನ ಮತ್ತೆ ತೆಗೀರಿ. ದಯವಿಟ್ಟು ತೆಗೀರಿ.”

“ಯಾಕೆ ಮೇಡಂ?” ಎಂದು ಅತ್ತಿಗೆ ನೆಲದಿಂದಲೇ ಕೇಳಿದಳು. ಕೇಳುವ ಧೈರ್ಯ ನನಗಿರಲಿಲ್ಲ.

ಆಕೆ ನನ್ನ ಕಟ್ಟೆಗೆ ಒರಗಿ ನಿಂತರು. “ಇದು ಕಂಪನಿ ಬಟ್ಟೆ ಅಲ್ಲ. ನಮ್ಮಮ್ಮನ ಕೋಟು. ಅಮ್ಮ ಬೇರೆಯವರ ಮನೆ ಬಟ್ಟೆ ತಂದು ಒಗೆದು ಇಸ್ತ್ರಿ ಮಾಡಿ ಕೊಡ್ತಿದ್ಲು. ಬಸ್ಸಲ್ಲಿ, ಬೀದೀಲಿ, ಯಾವಾಗ್ಲೂ ಎರಡೂ ಕೈಯಲ್ಲೂ ಗಂಟು. ನನ್ನ ಕೈ ಹಿಡ್ಕೊಳ್ಳೋಕೆ ಅವಳಿಗೆ ಕೈ ಎಲ್ಲಿತ್ತು? ಕೋಟಲ್ಲಿ ಒಂದು ತೂತಿತ್ತು. ಅದಕ್ಕೆ ಬೆರಳು ಸಿಕ್ಕಿಸ್ಕೊಂಡು ಬಾ, ಬಿಡ್ಬೇಡ ಅಂತಿದ್ಲು. ಹೊಲ್ಕೊಳ್ಳೇ ಅಂತ ಯಾರಾದ್ರೂ ಹೇಳಿದ್ರೆ, ಹೊಲಿದ್ರೆ ಇವಳು ಎಲ್ಲಿ ಹಿಡ್ಕೋತಾಳೆ ಅಂತಿದ್ಲು.” ಮೂಗೊರೆಸಿಕೊಂಡರು. “ಚೀಟಿ ಹಾಕೋಣ ಅಂತಲೇ ಪಿನ್ನು ಹಿಡಿದಿದ್ದೆ. ಅದನ್ನ ಏನು ಮಾಡಿ ಅಂತ ಬರೀಬೇಕೋ ನನಗೇ ಗೊತ್ತಾಗ್ಲಿಲ್ಲ.”

ಅಣ್ಣ ಮೂವತ್ತು ವರ್ಷದಿಂದ ತೂತು ಮುಚ್ಚುತ್ತ ಬಂದವನು. ಮುಚ್ಚಬಾರದ ತೂತೂ ಇರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನನಗಾದರೂ ಯಾರು ಹೇಳಿದ್ದರು? ಅಣ್ಣ ಕೋಟಿನ ಮುಂದೆ ಕೂತು ಮತ್ತೆ ಭೂತಗನ್ನಡಿ ತೆಗೆದುಕೊಂಡ. ಈ ಸಲ ಅವನು ಹುಡುಕಿದ ರೀತಿಯೇ ಬೇರೆಯಿತ್ತು. ಬೆಳಿಗ್ಗೆ ಸಿಗದಿದ್ದರೆ ಹೆಮ್ಮೆಯಾದರೂ ಉಳಿಯುತ್ತಿತ್ತು. ಈಗ ಸಿಗದಿದ್ದರೆ ಒಬ್ಬರ ತಾಯಿಯ ಗುರುತನ್ನೇ ಅಳಿಸಿದ ಹಾಗೆ. ಹಣೆಯಿಂದ ಬೆವರು ಕೋಟಿನ ಮೇಲೆ ತೊಟ್ಟಿಕ್ಕಿತು, ಅದನ್ನು ತೋಳಿನಿಂದ ಒರೆಸಿದ. ನಾನೂ ಬಗ್ಗಿ ನೋಡಿದೆ. ಬರೀ ಬೂದು, ಬೂದು, ಬೂದು. ಅವನು ತಲೆಯೆತ್ತಿ ನನ್ನನ್ನು ನೋಡಿದಾಗ ಅವನ ಕಣ್ಣಲ್ಲಿ ನೀರಿತ್ತು.

“ಆಗ್ತಿಲ್ಲ,” ಅಂದ. “ನಾನು ಚೆನ್ನಾಗಿ ಮಾಡ್ಬಾರ್ದಿತ್ತು.”

ಏನು ಮಾಡಬೇಕೋ ತಿಳಿಯದೆ, ತಿಳಿಯದಾಗ ನಾನು ಮಾಡುವುದನ್ನೇ ಮಾಡಿದೆ. ಗದರಿಸಿದೆ. ಯಾರನ್ನು ಗದರಿಸುತ್ತಿದ್ದೇನೆ ಎಂದು ನೋಡಲೂ ಇಲ್ಲ. “ಸುಮ್ನೆ ಅತ್ಕೊಂಡು ಕೂತ್ರೆ ಆಗುತ್ತಾ? ಮೇಡಂ, ಕೈಯಲ್ಲಿ ಹಿಡ್ಕೊಂಡ್ರೆ ಏನು ಗೊತ್ತಾಗುತ್ತೆ? ನೀವು ಅದನ್ನ ಹಿಡ್ಕೊಂಡು ನಡೀತಿದ್ದೋರು. ಅತ್ತಿಗೆ, ಏಳೇ ಮೇಲೆ. ಕೋಟು ಹಾಕ್ಕೋ.”

ಅತ್ತಿಗೆ ಎದ್ದು ಕೋಟು ಹಾಕಿಕೊಂಡಳು. ಬುತ್ತಿಯನ್ನು ಅವಳ ಒಂದು ಕೈಗೆ, ಮೂರು ಬಟ್ಟೆಯ ಚೀಲವನ್ನು ಇನ್ನೊಂದು ಕೈಗೆ ಕೊಟ್ಟೆ. ಮೇಡಂ ಒಂದು ಕ್ಷಣ ನಾಚಿಕೊಂಡರು. ಆಮೇಲೆ ಅವಳ ಹಿಂದೆ ಬಂದು, ಮಗುವಿನ ಎತ್ತರಕ್ಕೆ ಮಂಡಿಯೂರಿ, ತಲೆ ತಗ್ಗಿಸಿದರು.

“ನಡಿ,” ಅಂದೆ.

ಅತ್ತಿಗೆ ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟಳು. ಮೇಡಂ ಅವರ ಕೈ ತಾನಾಗಿ ಮೇಲೆದ್ದು ಕೋಟಿನ ಎಡಮಗ್ಗುಲಿಗೆ ಹೋಯಿತು, ಜೇಬಿಗಿಂತ ಸ್ವಲ್ಪ ಹಿಂದಕ್ಕೆ. ತೋರುಬೆರಳು ಕೊಕ್ಕೆಯ ಹಾಗೆ ಬಾಗಿ ಬಟ್ಟೆಯನ್ನು ಮುಟ್ಟಿತು. ಒಳಗೆ ಹೋಗಲು ಜಾಗವಿರಲಿಲ್ಲ. ಬೆರಳು ಅಲ್ಲೇ ನಿಂತಿತು.

ಅಣ್ಣ ಓಡಿಬಂದು ಆ ಬೆರಳಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದ.

ಜಾಗ ಸಿಕ್ಕ ಮೇಲೆ ಎಳೆ ಸಿಗುವುದು ಅವನಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಬ್ಲೇಡು ಇಡುವುದು. ಒಂದು ಎಳೆ ತಪ್ಪಿ ಕುಯ್ದರೂ ಹಳೆಯ ಉಣ್ಣೆ ಸೀಳಿಕೊಂಡು ಹೋಗುತ್ತಿತ್ತು. ಅಷ್ಟು ಚೆನ್ನಾದ ರಫು ಅವನು ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡುವುದಿಲ್ಲ. ಅದನ್ನು ಈಗ ಅವನ ಕೈಯಿಂದಲೇ ಕುಯ್ಯಬೇಕು. ನಾವು ಮೂವರೂ ಮೇಜಿನ ಸುತ್ತ ನಿಂತಿದ್ದೆವು. ಬ್ಲೇಡಿನ ಮೂಲೆಯಿಂದ ಒಂದು ಎಳೆ ಎತ್ತಿದ, ಕುಯ್ದ, ಚಿಮಟದಿಂದ ಎಳೆದು ತೆಗೆದ. ಇನ್ನೊಂದು. ಮತ್ತೊಂದು. ಬೂದು ಎಳೆಗಳು ಮೇಜಿನ ಮೇಲೆ ಬೀಳುತ್ತ ಹೋದವು. ಕೊನೆಗೆ ತೂತು ತೆರೆದುಕೊಂಡಿತು, ಹಿಂದಿನ ವಾರ ಬಂದಾಗ ಇದ್ದ ಹಾಗೇ, ಅಂಚಿನಲ್ಲಿ ಜೂಲು ಜೂಲಾಗಿ.

ಮೇಡಂ ಕೋಟನ್ನು ಎತ್ತಿಕೊಂಡು ಅದರಲ್ಲಿ ಬೆರಳಿಟ್ಟು ನಿಂತರು.

“ಹೀಗೇ ಬಿಡ್ಲಾ?” ಎಂದು ಅಣ್ಣ ಕೇಳಿದ.

“ಹೀಗೇ ಬಿಡಿ.”

“ಮುಚ್ಚೋದೂ ಬೇಡ ಅಂದ್ರೆ,” ಅಣ್ಣ ತನ್ನ ಖಾಲಿ ಕೈಗಳನ್ನು ನೋಡಿಕೊಂಡ, “ನನಗೇನು ಕೆಲ್ಸ ಉಳೀತು ಮೇಡಂ?”

ಅವನು ಕೋಟಿನ ವಿಷಯವಾಗಿ ಕೇಳಿದ್ದ. ಆದರೆ ಅತ್ತಿಗೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮೇಡಂ ತೂತಿನ ಜೂಲನ್ನು ಮೆಲ್ಲಗೆ ಸವರಿದರು. “ವರ್ಷಾ ವರ್ಷ ಅಗಲ ಆಗ್ತಿದೆ,” ಅಂದರು. “ಹೀಗೇ ಹೋದ್ರೆ ಕೋಟೇ ಇರಲ್ಲ. ಇದನ್ನ ಮುಚ್ಬೇಡಿ. ದೊಡ್ಡದಾಗದ ಹಾಗೆ ನೋಡ್ಕೊಳ್ಳಿ. ಅಷ್ಟು ಮಾಡ್ತೀರಾ?”

ಅಣ್ಣ ಎದ್ದು ಸ್ಟೂಲನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡ. ನನ್ನ ಸೆರಗಿನಲ್ಲಿದ್ದ ಕೆಂಪು ದಾರದ ಸೂಜಿಯನ್ನು ಕೇಳಿ ತೆಗೆದುಕೊಂಡ. ಆಮೇಲೆ ಮೇಡಂ ಕಡೆ ತಿರುಗಿದ.

“ಕೂತ್ಕೊಳ್ಳಿ,” ಅಂದ. “ಕಿರುಬೆರಳು ಕೊಡಿ. ಚಿಕ್ಕೋರಿದ್ದಾಗ ನಿಮ್ಮ ಬೆರಳು ಅಷ್ಟೇ ಇದ್ದಿರ್ಬೇಕು.”

ಆಕೆ ಕೂತು ಕಿರುಬೆರಳನ್ನು ತೂತಿಗೆ ಹಾಕಿ ಹಿಡಿದರು. ಅಣ್ಣ ಅದರ ಸುತ್ತ ಅಂಚು ಕಟ್ಟತೊಡಗಿದ.